ಗಾಳಿಯಲ್ಲಿ ಹಿಡಿದ ನೂಲು

ನನ್ನ ಐದು ಹಕ್ಕಿಗಳು ಓಬಣ್ಣನವರ ಕೋಟೆಯೊಳಗೆ ಇಳಿದುದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆ ರಜೆಯಲ್ಲಿ, ಚನ್ನಗಿರಿಯಲ್ಲಿ ನನ್ನ ತಂಗಿಯ ಮನೆಯ ಅಟ್ಟದ ಮೇಲೆ. ನ್ಯಾಮತಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದವಳು ನಾನು. ಬೀಳ್ಕೊಡುಗೆಯ ದಿನ ನನಗೆ ಶಾಲು ಹೊದಿಸಿದರು. ಆದರೆ ಶಾಲು ಅವರು ಕೊಟ್ಟದ್ದು, ಕೋಟೆ ನಾನು ಗೆದ್ದದ್ದು.

ಆ ಕೋಟೆಯಿದ್ದದ್ದು ಮೇಜಿನ ಮೇಲಿನ ಒಂದು ಯುದ್ಧದಾಟದಲ್ಲಿ. ಅದನ್ನು ಕಟ್ಟಿದವರು ಇಬ್ಬರು: ನನ್ನ ತಂಗಿಯ ಗಂಡ, ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪ, ಮತ್ತು ಅವರ ಬಾಲ್ಯದ ಗೆಳೆಯ, ಜಗಳೂರಿನ ಡ್ರಿಲ್ ಮಾಸ್ತರ ಓಬಣ್ಣ. ಅಟ್ಟದ ಉದ್ದನೆಯ ಮೇಜಿನ ಮೇಲೆ ಹಳೆಯ ಪುಸ್ತಕಗಳನ್ನೂ ಇಟ್ಟಿಗೆಗಳನ್ನೂ ಪೇರಿಸಿ, ಓಬಣ್ಣನವರು ತಂದ ಕರಿಯ ಕಂಬಳಿಯನ್ನು ಹೊದಿಸಿದರೆ ಗುಡ್ಡಗಳೂ ಕಣಿವೆಗಳೂ ಏಳುತ್ತಿದ್ದವು. ಸೂಳೆಕೆರೆಯ ಜೇಡಿಮಣ್ಣಿನಲ್ಲಿ ಹೆಬ್ಬೆರಳೆತ್ತರದ ಸೈನಿಕರು. ಓಬಣ್ಣನವರು ಕೋಟೆ ಕಾಯುವುದು, ವಿರೂಪಾಕ್ಷಪ್ಪನವರು ಮುತ್ತಿಗೆ ಹಾಕುವುದು. ಹಟ ಹಿಡಿದು ಕುಳಿತ ನನಗೆ ಇಬ್ಬರೂ ಸೇರಿ, ಮುತ್ತಿಗೆಯ ಕಡೆಯಲ್ಲಿ, ಯಾರಿಗೂ ಬೇಡವಾಗಿದ್ದ ಹಕ್ಕಿಗಳ ಪಡೆಯನ್ನು ಕೊಟ್ಟರು. ಜೋಳದ ಬೆಂಡಿನ ಮೈ, ಅಡಿಕೆ ಹಾಳೆಯ ರೆಕ್ಕೆ. ಐದನ್ನೂ ನಾನೇ ಮಾಡಿದೆ.

ನಡೆಯನ್ನು ಅಳೆಯುವುದು ನೂಲಿನಿಂದ. ಕಾಲಾಳಿಗೆ ಒಂದು ಗೇಣು, ಕುದುರೆಗೆ ಎರಡು, ಹಕ್ಕಿಗೆ ಮೂರು. ನೂಲು ಹಿಡಿಯುವಾಗ ಕೈಚಳಕ ನಡೆಯಬಾರದೆಂದು ಓಬಣ್ಣನವರು ನಿಯಮದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದಿದ್ದರು: ನೂಲು ಮೊದಲಿನಿಂದ ಕೊನೆಯವರೆಗೆ ಕಂಬಳಿಯನ್ನು ಮುಟ್ಟಿಕೊಂಡೇ ಇರಬೇಕು. ಹಾಗಾಗಿ ನನ್ನ ಹಕ್ಕಿಗಳ ನೂಲೂ ಕಣಿವೆಗೆ ಇಳಿದು, ನಡುಗುಡ್ಡ ಹತ್ತಿ, ಮತ್ತೆ ಇಳಿದು, ಕೋಟೆಗೆ ನಾಲ್ಕು ಬೆರಳು ಇರುವಾಗಲೇ ಮುಗಿಯುತ್ತಿತ್ತು. ಅಲ್ಲಿ ಕೋಟೆಯ ಬಿಲ್ಲಾಳುಗಳು ಅವನ್ನು ಕೆಡವುತ್ತಿದ್ದರು. ನಾಲ್ಕು ಬೇಸಿಗೆ ಹೀಗೆಯೇ ಕಳೆಯಿತು. ತಪ್ಪು ಎಲ್ಲಿದೆಯೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾಲ್ಕನೆಯ ಸೋಲಿನ ದಿನ ಓಬಣ್ಣನವರು ನಕ್ಕರು. “ಟೀಚರಮ್ಮ, ನಿಮ್ಮ ಹಕ್ಕಿಗಿಂತ ನಮ್ಮೂರ ಕೋಳಿ ದೂರ ಹಾರತೈತ್ರಿ. ಬರೋ ವರ್ಷವೂ ಕೋಟೆ ಮುಟ್ಟಲಿಲ್ಲ ಅಂದ್ರೆ ಇವನ್ನ ಆಟದಿಂದ ತೆಗೆದುಬಿಡಾಣ.”

ಹಕ್ಕಿಗಳು ಹೋದರೆ ಮೇಜಿನ ಬಳಿ ನನ್ನ ಕುರ್ಚಿಯೂ ಹೋಗುವುದೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ವರ್ಷವೆಲ್ಲ ನನ್ನ ಕನಸಿನಲ್ಲಿ ಕರಿಯ ಗುಡ್ಡಗಳು ಉಸಿರಾಡುತ್ತಿದ್ದವು. ಅವುಗಳ ಮೈಮೇಲೆ ನನ್ನ ಹಕ್ಕಿಗಳು ರೆಕ್ಕೆ ಮಡಚಿಕೊಂಡು ಕಾಲೆಳೆಯುತ್ತ ನಡೆಯುತ್ತಿದ್ದವು.

ಮರುವರ್ಷ ರಜೆ ಬಂತು. ನ್ಯಾಮತಿಯಿಂದ ಬಸ್ಸು ಹತ್ತಿದೆ. ಹೊನ್ನಾಳಿಯ ಬೀದಿಗಳನ್ನೆಲ್ಲ ಬಳಸಿ, ಸೇತುವೆಯ ಮೇಲೆ ಬಸ್ಸು ಏದುಸಿರು ಬಿಡುತ್ತಿರುವಾಗ ತುಂಗಭದ್ರೆಯ ಮೇಲೆ ಬೆಳ್ಳಕ್ಕಿಗಳ ಸಾಲೊಂದು ಹಾದುಹೋಯಿತು. ಅವಕ್ಕೆ ಬೀದಿಯಿಲ್ಲ, ಇಳಿಜಾರಿಲ್ಲ. ಆ ದಡಕ್ಕೂ ಈ ದಡಕ್ಕೂ ಯಾರೋ ಬಿಳಿಯ ದಾರವನ್ನು ಬಿಗಿಯಾಗಿ ಎಳೆದಂತೆ ಕಂಡಿತು. ಹೊಳೆ ಕೆಳಗೆ ತನ್ನ ಪಾಡಿಗೆ ಹೊಳೆಯುತ್ತಿತ್ತು. ನನ್ನ ಕೈಯಲ್ಲಿದ್ದ ಟಿಕೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಧ್ಯಾಹ್ನ ಅಟ್ಟದಲ್ಲಿ ಆಟ ಶುರುವಾಯಿತು. ನನ್ನ ಸರದಿ ಬಂದಾಗ ನೂಲನ್ನು ಕಂಬಳಿಯ ಮೇಲೆ ಇಡಲಿಲ್ಲ.

“ಹಾರುವ ಪಡೆಯ ನೂಲು ನೆಲ ಮುಟ್ಟಬಾರದು,” ಎಂದೆ. “ನಡುವೆ ಏನಾದರೂ ತಾಕಿದರೆ ಹಕ್ಕಿ ಅಲ್ಲಿಯೇ ಇಳಿಯಲಿ.”

“ಗಾಳ್ಯಾಗೆ ನೂಲು ಹಿಡಿದ್ರೆ ಮೋಸ ಮಾಡಾಕೆ ಬಾಗಿಲು ತೆಗೆದಂಗೆ ಆಗತೈತ್ರಿ,” ಎಂದರು ಓಬಣ್ಣ.

“ಅದಕ್ಕೇ ಆ ತುದಿಯನ್ನು ನೀವು ಹಿಡೀರಿ.”

ವಿರೂಪಾಕ್ಷಪ್ಪನವರು ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದನ್ನೇ ಮರೆತರು. “ಅತ್ತಿಗೆ, ಶತ್ರು ಕೈಗೆ ಕೊಡ್ತೀರಾ? ಅವನು ಕೈ ಇಳಿಸಿದ್ರೆ ಹೆಂಗೆ?”

“ಇಳಿಸ್ತೀನೇನೋ ನಾನು!” ಎಂದು ಓಬಣ್ಣನವರು ಸಿಡುಕಿದರು, ಸಿಡುಕಿನಲ್ಲಿಯೇ ಎದ್ದು ಬಂದು ತುದಿಯನ್ನು ಹಿಡಿದರು. ಹಕ್ಕಿಗಳಿದ್ದ ಗುಡ್ಡದ ನೆತ್ತಿಯಲ್ಲಿ ನನ್ನ ಬೆರಳು, ಕೋಟೆಯ ಬುರುಜಿನ ಮೇಲೆ ಅವರ ಬೆರಳು. ನೂಲು ಬಿಗಿಯಿತು. ಮಾಡಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲು ಅದನ್ನು ನಡುವೆ ಮುಟ್ಟಿತು. ಧೂಳಿನ ಕಣಗಳು ಅದರ ಸುತ್ತ ನಿಧಾನವಾಗಿ ತೇಲಿದವು. ಮೇಜು, ಅಟ್ಟ, ಊರು ಎಲ್ಲವೂ ನೂಲಿನ ಕೆಳಗೆ ಎಲ್ಲೋ ದೂರದಲ್ಲಿ ಉಳಿದಂತೆ ನನಗೆ ತೋರಿತು. ನೂಲು ಕೋಟೆಯನ್ನು ಮುಟ್ಟಿಯೂ ಅರ್ಧ ಬೆರಳು ಉಳಿದಿತ್ತು.

“ನಡುಗುಡ್ಡಕ್ಕೆ ತಾಕೈತೆ ನೋಡ್ರಿ,” ಎಂದರು ಓಬಣ್ಣ. ಕಂಬಳಿಯ ಕೂದಲು ನೂಲಿನವರೆಗೂ ನಿಮಿರಿದ್ದಂತೆ ಕಾಣುತ್ತಿತ್ತು. ನಾನು ಇನ್ನೊಂದು ಕೈಯಿಂದ ಬಸ್ಸಿನ ಟಿಕೆಟ್ಟನ್ನು ತೆಗೆದು ಅವರಿಗೆ ಚಾಚಿದೆ.

“ಇದನ್ನು ನಡುವೆ ತೂರಿಸಿ. ನಿಮ್ಮ ಮಾತೇ ಕೊನೆ.”

ಅವರು ಕೂದಲೆಳೆಯಷ್ಟು ಕೈ ಇಳಿಸಿದ್ದರೂ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅವರ ಕೈಯನ್ನು ನೋಡಲಿಲ್ಲ, ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ಬೆಳ್ಳಕ್ಕಿಗಳು ಇನ್ನೂ ಹೊಳೆ ದಾಟುತ್ತಿದ್ದವು.

“ಹೋತ್ರಿ,” ಎಂದಿತು ಓಬಣ್ಣನವರ ಧ್ವನಿ, ತೀರ ಮೆತ್ತಗೆ. “ಟಿಕೆಟ್ಟು ಆಚೆ ಬಂತು. ಹಕ್ಕಿ ಇಳಸ್ರಿ ಟೀಚರಮ್ಮ.”

ಒಂದೊಂದಾಗಿ ಐದನ್ನೂ ಕೋಟೆಯೊಳಗೆ ಇಳಿಸಿದೆ. ಬಾವುಟವನ್ನು ಓಬಣ್ಣನವರೇ ಕಿತ್ತು ನನ್ನ ಕೈಗೆ ಕೊಟ್ಟರು. ಆಮೇಲೆ ನಿಯಮದ ಪುಸ್ತಕವನ್ನು ತೆರೆದು, ಕೆಂಪು ಶಾಯಿಯ ಸಾಲಿನ ಕೆಳಗೆ ಹೊಸ ನಿಯಮ ಬರೆದರು: ಹಾರುವ ಪಡೆಯ ನೂಲನ್ನು ಗಾಳಿಯಲ್ಲಿ ಅಳೆಯತಕ್ಕದ್ದು, ಒಂದು ತುದಿಯನ್ನು ಎದುರಾಳಿಯೇ ಹಿಡಿಯತಕ್ಕದ್ದು. “ಕುರ್ಚಿ ಈ ಕಡೆ ಎಳಕಳ್ರಿ,” ಎಂದರು. “ಮುಂದಿನ ಆಟಕ್ಕೆ ನೀವು ನನ್ನ ಪಕ್ಷ.”

ಎಂಟು ವರ್ಷಗಳ ಮೇಲೆ, ಅದೇ ಅಟ್ಟದಲ್ಲಿ ಕುಳಿತು ಇಷ್ಟನ್ನೂ ವಿರೂಪಾಕ್ಷಪ್ಪನವರ ಮಗಳು ಕಸ್ತೂರಿಗೆ ಹೇಳಿ ಮುಗಿಸಿದೆ. ರೆಕ್ಕೆಯ ಅಂಚು ಮುರಿದ ಹಕ್ಕಿಯೊಂದನ್ನು ಅವಳು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಮೂರು ಗೇಣಿನ ನೂಲನ್ನು ಹುಡುಕಿ ತೆಗೆದು, ಒಂದು ತುದಿಯನ್ನು ನನ್ನ ಬೆರಳಿಗೆ ಸುತ್ತಿದಳು.

“ದೊಡ್ಡಮ್ಮ, ಬಸ್ಸು ಹತ್ತಿದ್ದರಿಂದ ಇನ್ನೊಂದ್ಸಲ ಹೇಳು. ಈ ಸಲ ಆ ತುದಿ ನಾನು ಹಿಡಕಂತೀನಿ.”