ಬಲಗೈಯ ಸುಟ್ಟ ಗೆರೆ

ಪ್ರದರ್ಶನದ ಗೋಡೆಯ ಫೋಟೋದಲ್ಲಿ ತಂಗಿ ಆಳೆತ್ತರ ನಿಂತಿದ್ದಳು. ವಲಸೆ ಬಂದವರಿಗೂ ಹಕ್ಕು ಬೇಕೆಂದು ನಾವೆಲ್ಲ ಬೀದಿಗಿಳಿದ ದಿನ ತೆಗೆದದ್ದು. ಅವಳ ಗಂಡ ತಲೆಯೊಡೆದು ರಸ್ತೆಯ ಮೇಲೆ ಬಿದ್ದಿದ್ದ. ಅವನನ್ನು ಹೊಡೆದ ಪೊಲೀಸಿನವನ ಮುಖಕ್ಕೆ ತಂಗಿ ಕಬ್ಬಿಣದ ಸರಳು ಬೀಸುತ್ತಿದ್ದಳು. ಅವಳು ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಜಾರಿ ಕುತ್ತಿಗೆಗೆ ಬಂದಿತ್ತು.

ಆ ಪೊಲೀಸಿನವನ ಒಂದು ಕಣ್ಣು ಹೋಯಿತು. ಹೊಡೆದವಳು ಯಾರೆಂದು ಪೊಲೀಸರಿಗೆ ಇನ್ನೂ ಗೊತ್ತಿರಲಿಲ್ಲ. ನಾವಿಬ್ಬರೂ ಕೆಲಸ ಮಾಡುವ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಮಡಿಸಿಟ್ಟ ಹಾಸುಬಟ್ಟೆಗಳ ರಾಶಿಯ ಹಿಂದೆ ಅವಳನ್ನು ಅಡಗಿಸಿಟ್ಟಿದ್ದೆ.

"ಫೋಟೋದಲ್ಲಿ ನಾನು ದಪ್ಪ ಕಾಣ್ತೀನಾ ನೋಡ್ಕೊಂಡ್ ಬಾರೇ ಅಕ್ಕ," ಎಂದು ನಕ್ಕು ಕಳಿಸಿದ್ದಳು. ಯಾರ ಮುಖವನ್ನೂ ತೋರಿಸುವುದಿಲ್ಲವೆಂದು ಫೋಟೋ ತೆಗೆದವಳು ನಮ್ಮ ಕೋಣೆಯಲ್ಲಿ ಕೂತು, ನಮ್ಮ ತಟ್ಟೆಯಲ್ಲಿ ಉಂಡು ಮಾತು ಕೊಟ್ಟಿದ್ದಳು. ನಂಬಿದ್ದೆವು.

"ಕ್ಯಾಮೆರಾ ಅಕ್ಕ, ಇದನ್ನ ಇಳಿಸಿ," ಎಂದೆ, ಫೋಟೋದ ಪಕ್ಕ ನಿಂತಿದ್ದ ಅವಳಿಗೆ.

"ಇದಿಲ್ದಿದ್ರೆ ಪ್ರದರ್ಶನಾನೇ ಇಲ್ಲ ಕಣಮ್ಮ. ಮುಖ ಇಲ್ಲದ ಸಿಟ್ಟು ಯಾರಿಗೆ ಮುಟ್ಟುತ್ತೆ?"

"ಪೊಲೀಸ್ರಿಗೆ ಮುಟ್ಟುತ್ತೆ."

"ಅವ್ರಿಗೆಲ್ಲಿ ಫೋಟೋ ನೋಡೋ ರುಚಿ, ಬಿಡು."

ಬಾಗಿಲಲ್ಲಿ ಪೊಲೀಸರ ಬೂಟುಗಳ ಸದ್ದಾಯಿತು. ಕೆಲಸದಿಂದ ನೇರ ಬಂದಿದ್ದೆ. ಏಪ್ರನ್ ಜೇಬಿನ ಕತ್ತರಿ ಯಾವಾಗ ಕೈಗೆ ಬಂತೋ ತಿಳಿಯಲಿಲ್ಲ. ತಂಗಿಯ ಹಣೆಗೆ ಚುಚ್ಚಿ ಗದ್ದದವರೆಗೆ ಎಳೆದೆ. ಕಣ್ಣು, ಮೂಗು, ಚಿಕ್ಕವಳಿದ್ದಾಗ ನಾನೇ ಒರೆಸುತ್ತಿದ್ದ ಬಾಯಿ, ಎಲ್ಲ ಚಿಂದಿಯಾಗಿ ಉದುರಿತು. ಯಾರಾದರೂ ಜೋಡಿಸಿಯಾರೆಂದು ಚೂರುಗಳನ್ನು ಬಾಯಿಗೆ ತುರುಕಿಕೊಂಡು ಅಗಿದೆ.

ಲಾಠಿ ಬೆನ್ನಿಗೆ ಬಿತ್ತು. ಮುಗ್ಗರಿಸಿದೆ. ಆಮೇಲೆ ಬೂಟು ತುಟಿಯನ್ನು ಹಲ್ಲಿಗೆ ಒತ್ತಿ ಒಡೆಯಿತು.

"ಯಾರ ಮುಖ ತಿಂದ್ಯೇ?" ಎಂದ ಅಧಿಕಾರಿ. ನಾನು ಅಗಿಯುತ್ತಲೇ ಇದ್ದೆ.

ಅವನು ಮುಖವಿದ್ದ ಜಾಗದ ತೂತನ್ನು ನೋಡಿದ. ಅಲ್ಲಿಂದ ಅವನ ಕಣ್ಣು ಮೇಲೆ, ಸರಳು ಹಿಡಿದ ಬಲಗೈಗೆ ಹೋಯಿತು. ನಾನು ಮರೆತದ್ದು ಅದನ್ನೇ. ಮಣಿಕಟ್ಟಿನ ಒಳಬದಿಗೆ ಕಪ್ಪನೆಯ ಗೆರೆ. ಆವಿಯ ಇಸ್ತ್ರಿ ಯಂತ್ರದಿಂದ ಹಾಸುಬಟ್ಟೆ ಎಳೆಯುವಾಗ ಮುಚ್ಚಳದ ಅಂಚು ತಾಗುವುದು ಎಲ್ಲರಿಗೂ ಅಲ್ಲೇ.

"ಸುಟ್ಟ ಗಾಯ," ಎಂದ. "ಲಾಂಡ್ರಿಯವಳು. ನಡೀರಿ, ಎಲ್ಲಾ ಲಾಂಡ್ರಿನೂ ಜಾಲಾಡಿ."

ಹಾಸುಬಟ್ಟೆಗಳ ಹಿಂದೆ ಮೊಣಕಾಲು ತಬ್ಬಿಕೊಂಡು ಕೂತವಳು ಕಣ್ಣ ಮುಂದೆ ಬಂದಳು. ಅಂಗಿಯ ಬಲತೋಳು ಮೇಲಕ್ಕೆಳೆದು ನನ್ನ ಮಣಿಕಟ್ಟಿನ ಗೆರೆ ತೋರಿಸಿದೆ.

"ಊರೆಲ್ಲಾ ಯಾಕೆ ಸಾರ್ ಸುತ್ತೋದು? ನಾನೇ."

ಅವನು ನನ್ನ ಕೈಯನ್ನು ಫೋಟೋದ ಕೈಗೆ ಒತ್ತಿ ಹಿಡಿದ. ಗೆರೆಗೆ ಗೆರೆ ಕೂಡಿತು. ಮರುಕ್ಷಣ ಕೈ ಹಿಂದಕ್ಕೆ ತಿರುಚಿದ. ಒಳಗೆ ಏನೋ ಲಟಕ್ಕೆಂದಿತು.

"ಇವಳೇನಾ?" ಫೋಟೋ ತೆಗೆದವಳನ್ನು ಕೇಳಿದ.

ಅವಳು ತೂತನ್ನು ನೋಡಿದಳು. ರಕ್ತವೂ ಕಾಗದವೂ ಸೋರುತ್ತಿದ್ದ ನನ್ನ ಬಾಯಿ ನೋಡಿದಳು. "ಇವಳೇ," ಎಂದಳು. ಎಂದಿನ ಅಭ್ಯಾಸವೋ ಏನೋ, ಅವಳ ಕೈ ಕ್ಯಾಮೆರಾಕ್ಕೆ ಹೋಗಿ ಅಲ್ಲೇ ನಿಂತಿತು.

"ತೆಗೀರಿ ಅಕ್ಕ," ಎಂದು ತಲೆ ಎತ್ತಿದೆ. "ಈ ಸಲ ಮುಖ ಸರಿಯಾಗಿ ಬರ್ಲಿ."