ಕೊನೆಯ ಪ್ರಶ್ನೆಗೆ ಎಲ್ಲರೂ ಸುಮ್ಮನೆ

ಮಾನಸ ಇನ್ನೂ ಟೀಚರ್ ಆಗಿರಲಿಲ್ಲ. ಆದರೆ ಶಿರಂಗಾಲದಲ್ಲಿ ಆ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಬಿ.ಎಡ್. ಸೇರಿದ ವಾರದಲ್ಲೇ ಅಪ್ಪ ಸಣ್ಣಸ್ವಾಮಿ ಹಾಲಿನ ಡೇರಿ ಮುಂದೆ ನಿಂತು, “ನಮ್ ಹುಡ್ಗಿ ಟೀಚರಾದ್ಳು” ಎಂದು ಸಾರಿಬಿಟ್ಟಿದ್ದ. ಅಂದಿನಿಂದ ಊರಿಗೂರೇ ಅವಳನ್ನು ಟೀಚರಮ್ಮ ಎನ್ನುತ್ತಿತ್ತು. ಕುಶಾಲನಗರದ ಬಸ್ಸಿನ ಕಂಡಕ್ಟರ್ ಕೂಡ “ಟೀಚರಮ್ಮ ಹತ್ಲಿ, ರೈಟ್” ಎನ್ನುತ್ತಿದ್ದ.

ಈ ಟೀಚರಮ್ಮನಿಗೆ ಇದ್ದದ್ದು ಒಂದೇ ತೊಂದರೆ. ತರಗತಿಯಲ್ಲಿ ತಾನು ಎಣಿಸಿರದ ಮಾತನ್ನು ಯಾರಾದರೂ ಆಡಿದರೆ ಅವಳ ಗಂಟಲು ಕಟ್ಟಿಹೋಗುತ್ತಿತ್ತು. ಅಭ್ಯಾಸಕ್ಕೆಂದು ಮಾಡಿದ ಪಾಠವೊಂದರಲ್ಲಿ ಯಾರೋ “ಯಾಕೆ ಮಿಸ್?” ಎಂದದ್ದೇ ತಡ, ಬಾಯಿ ಬಂದ್. ಕಾಲೇಜಿನ ಉಷಾರಾಣಿ ಮೇಡಂ ಹಿಂದಿನ ಬೆಂಚಿನಿಂದ ಎದ್ದು ಬಂದು ಪಾಠ ಮುಗಿಸಿಕೊಟ್ಟಿದ್ದರು.

“ಪರೀಕ್ಷೆ ಪಾಠದಲ್ಲಿ ನಾನು ಎದ್ದು ಬರೋ ಹಾಗಿಲ್ಲಮ್ಮ. ಅಲ್ಲಿ ನಿಂತುಬಿಟ್ಟೆ ಅಂದ್ರೆ ಇನ್ನೊಂದ್ ವರ್ಷ ಓದ್ಬೇಕಾಗುತ್ತೆ” ಎಂದೂ ಎಚ್ಚರಿಸಿದ್ದರು.

ಇನ್ನೊಂದು ವರ್ಷ! ಅಪ್ಪನಿಗೇನೆಂದು ಹೇಳುವುದು? ಡೇರಿಗೇನೆಂದು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ತಾನು ಈ ಕೆಲಸಕ್ಕೆ ಆಗಿಬರುವವಳೇ ಅಲ್ಲವೇನೋ ಎಂಬ ಭಯ ಅವಳನ್ನು ಕೊರೆಯುತ್ತಿತ್ತು. ಹಾಗಾಗಿ ಬಿ.ಎಡ್. ಓದುವವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಪರೀಕ್ಷೆಯ ಹಿಂದಿನ ದಿನ, ಮರುದಿನ ಪಾಠ ಮಾಡಬೇಕಿದ್ದ ಶಾಲೆಗೇ ಹೋಗಿ, ಅದೇ ಎಂಟನೇ ತರಗತಿಗೆ, ಅದೇ ಪಾಠದ ರಿಹರ್ಸಲ್ ಕೊಟ್ಟಳು.

ಆ ಮಕ್ಕಳೋ, ಪಳಗಿದ ಕಲಾವಿದರು. ಪ್ರತಿ ವರ್ಷ ಬಿ.ಎಡ್.ನವರ ಪಾಠ ಕೇಳಿ ಕೇಳಿ ಅರ್ಧ ಬಿ.ಎಡ್. ಅವರಿಗೇ ಆಗಿತ್ತು.

“ಪೀಠಿಕೆ ಪ್ರಶ್ನೆ ಯಾರ್ಯಾರಿಗೆ ಮಿಸ್?” ಎಂದು ಮುಂದಿನ ಬೆಂಚಿನ ಬೋಜಮ್ಮ ತಾನೇ ಕೇಳಿದಳು. “ಕೊನೇದಕ್ಕೆ ಎಲ್ರೂ ಸುಮ್ನಿರ್ಬೇಕು ಅಲ್ವಾ?”

ಕಾಲೇಜಿನಲ್ಲಿ ಕಲಿಸಿದ ಕಟ್ಟಳೆ ಅದು. ಪಾಠದ ಶುರುವಿಗೆ ಮಕ್ಕಳಿಗೆ ಗೊತ್ತಿರುವ ನಾಲ್ಕಾರು ಪ್ರಶ್ನೆ ಕೇಳಬೇಕು. ಕೊನೆಯದು ಮಾತ್ರ ಅವರಿಗೆ ಗೊತ್ತಿಲ್ಲದ್ದಾಗಿರಬೇಕು. ಅವರು ಪಿಳಿಪಿಳಿ ನೋಡಿದಾಗ ಟೀಚರು ನಗುತ್ತಾ ತಿರುಗಿ, ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಕು.

“ಹೂಂ, ಕೊನೇದಕ್ಕೆ ಯಾರೂ ಬಾಯಿ ಬಿಡ್ಬೇಡಿ” ಎಂದಳು ಮಾನಸ.

ಮರುದಿನ ಪರೀಕ್ಷಕರಾಗಿ ಬಂದವರು ಶಿವಶಂಕರಪ್ಪನವರು, ಸೋಮವಾರಪೇಟೆ ಕಡೆಯವರು. ಹಿಂದಿನ ಬೆಂಚಿನಲ್ಲಿ ಉಷಾರಾಣಿ ಮೇಡಂ ಪಕ್ಕ ಕುಳಿತು ಪೆನ್ನಿನ ಕ್ಯಾಪ್ ತೆಗೆದರು. ಮಾನಸ ಕೇಳಿದಳು, ಮಕ್ಕಳು ಹೇಳಿದರು. ಗಿಡದ ಭಾಗಗಳು ಯಾವುವು, ನೀರು ಹೀರುವುದು ಯಾವುದು, ಎಲ್ಲವೂ ಎಣ್ಣೆ ಹಾಕಿದ ಬಾಗಿಲಿನಂತೆ ಸಲೀಸು. ಕೊನೆಗೆ ಅವಳು ಶುಂಠಿಯ ದಪ್ಪ ತುಂಡೊಂದನ್ನು ಎತ್ತಿ ಹಿಡಿದಳು.

“ಇದು ಗಿಡದ ಯಾವ ಭಾಗ?”

ತರಗತಿ ಪಿಳಿಪಿಳಿ ನೋಡಿತು. ಮಾನಸ ನಗುತ್ತಾ ಬೋರ್ಡಿನ ಕಡೆ ತಿರುಗಿದಳು.

“ಒಂದ್ನಿಮಿಷ” ಎಂದರು ಶಿವಶಂಕರಪ್ಪ. “ಮನೆ ಸುತ್ತ ಶುಂಠಿ ಹೊಲನೇ ಇಟ್ಕಂಡು ಒಬ್ರಿಗೂ ಏನೂ ಅನ್ಸಲ್ವೇನ್ರಪ್ಪಾ? ತಪ್ಪಾದ್ರೂ ಹೇಳಿ.”

ಯಾರೂ ತುಟಿ ಬಿಚ್ಚಲಿಲ್ಲ. ಅವರು ಬೋಜಮ್ಮನ ಕಡೆ ಬೆರಳು ಮಾಡಿದರು. ಅವಳು ಎದ್ದು ನಿಂತು, ಒಮ್ಮೆ ಮಾನಸಳನ್ನು ನೋಡಿ, ನಿಷ್ಠೆಯಿಂದಲೇ ಹೇಳಿದಳು: “ಇದಕ್ಕೆ ಸುಮ್ನಿರ್ಬೇಕು ಸಾರ್. ಮಿಸ್ ನಿನ್ನೆನೇ ಹೇಳಿದ್ದಾರೆ.”

ಉಷಾರಾಣಿ ಮೇಡಂ ಹಣೆ ಹಿಡಿದುಕೊಂಡರು. ಮಾನಸಳ ಗಂಟಲು ಎಂದಿನಂತೆ ಕಟ್ಟಿತು. ಬರೆದು ತಂದಿದ್ದ ಪಾಠದಲ್ಲಿ ಇಂಥ ಹೊತ್ತಿಗೆ ಹೇಳುವಂಥದ್ದು ಒಂದು ಸಾಲೂ ಇರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಬಂತು. ಅಳುವ ಬದಲು, ಏಕೋ ಏನೋ, ನಗು ಹೊರಬಿತ್ತು.

“ಆಯ್ತು ಮಕ್ಳೇ, ಸುಮ್ನಿದ್ದಿದ್ದು ಸಾಕು” ಎಂದಳು. “ನಿಜವಾಗ್ಲೂ ಹೇಳಿ, ಇದೇನು?”

“ಬೇರು!” ಎಂದು ಇಡೀ ತರಗತಿ ಕಿರುಚಿತು.

“ಬೇರಾದ್ರೆ ಈ ಕಣ್ಣು ಯಾಕಿದೆ? ಮೊಳಕೆ ಬರೋದು ಎಲ್ಲಿಂದ?”

“ಕಣ್ಣಿಂದ. ಹಂಗಾದ್ರೆ ಕಾಂಡ!” ಎಂದ ಚೇತನ್‌ಕುಮಾರ್. ಅಷ್ಟಕ್ಕೇ ಬಿಡದೆ, “ಮತ್ತೆ ಮರಗೆಣಸು, ಮಿಸ್?” ಎಂದ.

ಮಾನಸಳಿಗೆ ಅದು ಗೊತ್ತಿರಲಿಲ್ಲ. “ನಂಗೊತ್ತಿಲ್ಲ ಕಣೋ” ಎಂದಳು. ಸ್ವರ ಚೆನ್ನಾಗಿಯೇ ಬಂತು! “ಅದನ್ನ ಹೆಂಗೆ ನೆಡ್ತಾರೆ, ಯಾರು ನೋಡಿದೀರಿ?”

“ಕೋಲು ನೆಡೋದು ಮಿಸ್. ಗೆಣಸು ಹೂತ್ರೆ ಕೊಳ್ತೋಗುತ್ತೆ.”

“ಕಣ್ಣೂ ಇಲ್ಲ!”

“ಹಂಗಾದ್ರೆ ಅದೇ ಬೇರು!”

ಅರಿಶಿನ ಬಂತು, ಆಲೂಗಡ್ಡೆ ಬಂತು, ಕ್ಯಾರೆಟ್ಟಿನ ಮೇಲೆ ಎರಡು ಬೆಂಚುಗಳಿಗೆ ಜಗಳವೇ ಹತ್ತಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಮಾನಸಳಿಗಂತೂ ಇಷ್ಟು ಖುಷಿ ಈ ಎರಡು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

ಶಿವಶಂಕರಪ್ಪ ಅವಳನ್ನು ಜಗಲಿಗೆ ಕರೆದರು. “ಇವತ್ತು ಎರಡು ಪಾಠ ಮಾಡಿದ್ರಿ ಕಣಮ್ಮ. ಮೊದಲ್ನೇದಕ್ಕೆ ನಾನು ನಂಬರ್ ಕೊಡಾಕಾಗಲ್ಲ. ಎರಡ್ನೇದಕ್ಕೆ ಕೊಟ್ಟಿದೀನಿ, ಪಾಸಾಗೋ ಅಷ್ಟು. ನಾಳೆ ಕೆಲಸಕ್ಕೆ ಸೇರಿದ್ಮೇಲೆ ಎರಡ್ನೇದನ್ನೇ ಮಾಡಿ” ಎಂದು ಹೇಳಿ ಹೊರಟರು.

ಮಾನಸ ಕಣ್ಣೊರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ತರಗತಿಗೆ ತರಗತಿಯೇ ಇಣುಕುತ್ತಿತ್ತು.

“ಪಾಸಾ ಮಿಸ್?” ಎಂದಳು ಬೋಜಮ್ಮ.

“ಪಾಸು.”

ಬೋಜಮ್ಮ ನಿರಾಳವಾಗಿ ಉಸಿರು ಬಿಟ್ಟಳು. “ನೀವೇನೂ ಹೆದರ್ಬೇಡಿ ಮಿಸ್. ನಮ್ ಕ್ಲಾಸಿಗೆ ಬಂದೋರನ್ನ ನಾವು ಇಲ್ಲೀವರ್ಗೂ ಯಾರನ್ನೂ ಫೇಲ್ ಮಾಡಿಲ್ಲ.”