ಸೇನಾಪತಿಯ ಕೊನೆಯ ಮಾತು

ಬಾಮೈದ ನಕಲಿ ಗಡ್ಡವನ್ನು ಕಿತ್ತು ಮೇಜಿನ ಮೇಲೆ ಒಗೆದ. ಬೆವರು, ಗೋಂದು, ಎಂಜಲು ಮೂರೂ ಕೂಡಿ ನಾರುತ್ತಿದ್ದ ಅದು ಹೋಗಿ ಪ್ರಾಂಪ್ಟರನ ಚಹಾ ಲೋಟಕ್ಕೆ ತಾಗಿ ನಿಂತಿತು. ಪ್ರಾಂಪ್ಟರ್ ಆ ಲೋಟವನ್ನು ಮತ್ತೆ ಮುಟ್ಟಲಿಲ್ಲ. ಆದರೆ ಅವನಿಗೆ ಗಡ್ಡಕ್ಕಿಂತ ಅದರ ನಡುವಿನ ಬಾಯಿಯ ಮೇಲೇ ಹೆಚ್ಚು ಹೇಸಿಗೆ.

"ಕೇಳಿದ್ರಾ ಭಾವ, ಇವತ್ತು ಹೆಂಗೆ ನಕ್ರು ಜನ? ಹಿಂದಿನ ಸಾಲಿನ ಅಜ್ಜಿಗೆ ಕೆಮ್ಮೇ ಹತ್ಕೊಂಡ್ಬಿಡ್ತು."

ಕೇಳದೆ ಏನು? ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಟರು ಮಾತು ಮರೆತಾಗ ಮೊದಲ ಎರಡು ಪದ ಪಿಸುಗುಟ್ಟಿ ಕೊಡುವುದೇ ಪ್ರಾಂಪ್ಟರನ ಹೊಟ್ಟೆಪಾಡು. ತಲೆಗೂದಲು ಕಪ್ಪಗಿದ್ದಾಗಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ಪುಸ್ತಕ ತೊಡೆಯ ಮೇಲಿರುತ್ತಿತ್ತೇ ಹೊರತು ಅವನು ಅದನ್ನು ಬಿಚ್ಚುತ್ತಿರಲಿಲ್ಲ. ಇಡೀ ನಾಟಕ ಬಾಯಿಪಾಠ. ಆ ವಿಷಯದಲ್ಲಿ ಒಂಚೂರು ಕೊಬ್ಬೂ ಇತ್ತು ಅನ್ನಿ.

ನಾಟಕ ಹಳೆಯ ಯುದ್ಧವೊಂದರದು. ಸೋತ ಸೈನಿಕರು ಕೋಟೆಗೆ ಓಡಿ ಬರುತ್ತಿದ್ದಾರೆ, ಹಿಂದೆಯೇ ಶತ್ರು. ಗಾಯಗೊಂಡ ಸೇನಾಪತಿ ಹೆಬ್ಬಾಗಿಲಲ್ಲಿ ಬಿದ್ದಿದ್ದಾನೆ. ಬಾಗಿಲು ಮುಚ್ಚೋಣವೇ ಎಂದವರಿಗೆ ಅವನು ಹೇಳಿದ ಕೊನೆಯ ಮಾತನ್ನು ಶಾಲೆಯ ಮಕ್ಕಳೆಲ್ಲ ಉರು ಹೊಡೆಯುತ್ತಾರೆ: "ಬಾಗಿಲು ತೆರೆದಿರಲಿ. ಕೊನೆಯವನು ಒಳಗೆ ಬರುವವರೆಗೆ ನಾನು ಸಾಯುವುದಿಲ್ಲ." ಆಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅವನ ಮಗಳು, "ತೆರೆದಿದೆ ಅಪ್ಪಾ, ಇನ್ನೂ ತೆರೆದಿದೆ" ಎನ್ನಬೇಕು. ಇಡೀ ನಾಟಕದಲ್ಲಿ ಅವಳಿಗಿರುವುದು ಅದೊಂದೇ ಮಾತು. ಆ ಪಾತ್ರ ಮಾಡುತ್ತಿದ್ದವಳು ಪ್ರಾಂಪ್ಟರನ ಮಗಳು.

ಕೆಲವು ತಿಂಗಳ ಹಿಂದೆ ಒಂದು ದಿನ, ಸೇನಾಪತಿಯಾಗಿ ಸಾಯುತ್ತ ಮಲಗಿದ್ದ ಬಾಮೈದನ ಕೆನ್ನೆಗೆ ಸೊಳ್ಳೆ ಕಚ್ಚಿತು. ಅವನು ಫಟ್ಟನೆ ಹೊಡೆದು, "ಬಾಗಿಲು ಹಾಕ್ರಪ್ಪ, ಸೊಳ್ಳೆ ಬರ್ತವೆ" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು "ತೆರೆದಿದೆ ಅಪ್ಪಾ" ಎಂದಾಗ ಇನ್ನೂ ಜೋರಾಗಿ ನಕ್ಕಿತು. ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸಿದ ಹಾಗಾಯಿತು. ಅಂದಿನಿಂದ ದಿನವೂ ಅದೇ ಸೊಳ್ಳೆಯ ಮಾತು. ನದಿಯ ದೃಶ್ಯದಲ್ಲಿ "ದಾಟಿದ ಮೇಲೆ ತಿರುಗಿ ನೋಡುವವನು ನನ್ನವನಲ್ಲ" ಎನ್ನುವ ಬದಲು "ಅಯ್ಯೋ, ನನ್ ಚಪ್ಪಲಿ ಆ ದಡದಲ್ಲೇ ಉಳೀತಲ್ರೋ" ಎಂದ. ರಾಜ ಕತ್ತಿ ಕೊಟ್ಟು "ಇದು ನಾಡಿನ ಮಾನ" ಎಂದರೆ "ರಸೀದಿ ಇದೆಯಾ ಸ್ವಾಮಿ" ಎಂದ. ಜನ ಅದಕ್ಕೆಂದೇ ಬರತೊಡಗಿದರು. ಬಾಯಿ ತುಂಬ ತಿಂಡಿ ಇಟ್ಟುಕೊಂಡು ನಗುವವರು, ಮುಂದಿನವರ ಕತ್ತಿನ ಮೇಲೆ ಅಗಿದ ಚೂರು ಉದುರಿಸುವವರು. ಪರದೆಯ ಸಂದಿಯಿಂದ ಅವರನ್ನು ನೋಡಿ ಪ್ರಾಂಪ್ಟರ್ ಪರದೆ ಎಳೆದು ಸಂದಿ ಮುಚ್ಚುತ್ತಿದ್ದ. ಸತ್ತವನ ಬಾಯಿಗೆ ಹೊಲಸು ತುರುಕಿ ನಗುವುದೂ ಒಂದು ಬಾಳೇ, ಥೂ.

"ನಗ್ಲಿ ಬಿಡಿ ಭಾವ. ಅಳ್ಸೋಕೆ ಅವ್ರಿಗೆ ಮನೇಲಿ ಜನ ಇದಾರೆ" ಎಂದ ಬಾಮೈದ, ಗಲ್ಲಕ್ಕಂಟಿದ ಗೋಂದು ಕೆರೆದುಕೊಳ್ಳುತ್ತ.

"ಅಲ್ಲಿ ನಿಂತ್ಕೊಂಡು ಅಳೋಳು ನಿನ್ ಅಕ್ಕನ ಮಗಳು ಕಣೋ. ಅವಳ ಮುಖ ನೋಡ್ಕೊಂಡೇ ನಗ್ತಾರೆ. ಭಾನುವಾರ ದೊಡ್ಡ ರಂಗಮಂದಿರದ ಮೇಡಂ ಅವಳನ್ನ ನೋಡೋಕೆ ಬರ್ತಿದಾರೆ. ದೊಡ್ಡ ಪಾತ್ರ ಸಿಕ್ಕೋದಿದ್ರೆ ಆವತ್ತೇ. ಅವಳಿಗಿರೋದು ಒಂದು ಮಾತು, ಅದಕ್ಕೂ ಮಣ್ಣು ಹಾಕ್ಬೇಡ."

ಬಾಮೈದನ ಮುಖ ಸಣ್ಣಗಾಯಿತು. ಅವಳನ್ನು ಎತ್ತಿ ಆಡಿಸಿದವನು ಅವನು. "ಅವಳಾಣೆ ಭಾವ. ಭಾನುವಾರ ಪುಸ್ತಕದಲ್ಲಿರೋದೇ ಹೇಳ್ತೀನಿ."

ನಾಯಿ ಬಾಲ ಡೊಂಕೇ ಎಂದುಕೊಂಡು ಪ್ರಾಂಪ್ಟರ್ ಎದ್ದು ಹೋದ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಮೇಡಂ ಬಂದರು, ಮುಂದಿನ ಸಾಲಲ್ಲೇ ಕೂತರು. ಬಾಮೈದ ಆಣೆಗೆ ತಪ್ಪಲಿಲ್ಲ. ಕತ್ತಿಯನ್ನು ಕಣ್ಣಿಗೊತ್ತಿಕೊಂಡ. ನದಿ ದಾಟಿ ಹೇಳಬೇಕಾದ್ದನ್ನೇ ಹೇಳಿದ. ಹಿಂದಿನಿಂದ ಯಾರೋ "ಚಪ್ಪಲಿ ಎಲ್ಲಣ್ಣಾ" ಎಂದು ಕೂಗಿದರೂ ಉಗುಳು ನುಂಗಿಕೊಂಡು ಸುಮ್ಮನಾದ. ಜನ ಆಕಳಿಸಿದರು. ಪ್ರಾಂಪ್ಟರನಿಗೆ ಬಾಮೈದನ ಮೇಲೆ ಎಷ್ಟೋ ದಿನದ ನಂತರ ಅಕ್ಕರೆ ಬಂತು.

ಕೊನೆಯ ದೃಶ್ಯ. ಬಾಮೈದ ಬಿದ್ದಿದ್ದು ಪ್ರಾಂಪ್ಟರನ ಸ್ಟೂಲಿನ ಪಕ್ಕಕ್ಕೇ. ಬಾಗಿಲಿಗೊರಗಿ ನಿಂತ ಮಗಳ ಕಣ್ಣು ಆಗಲೇ ತುಂಬಿತ್ತು. ಸೈನಿಕ ಕೇಳಿದ, "ಬಾಗಿಲು ಮುಚ್ಚೋಣವೇ ಪ್ರಭು?"

ಬಾಮೈದ ಬಾಯಿ ತೆರೆದ. ಮಾತು ಹೊರಡಲಿಲ್ಲ. ತಿಂಗಳುಗಟ್ಟಲೆ ಆಡದೆ ಬಿಟ್ಟ ಮಾತು ಎಲ್ಲಿಂದ ಬರಬೇಕು? ಅವನ ಕಣ್ಣು ಪರದೆಯ ಕಡೆಗೆ ಹೊರಳಿತು. ಅದರಲ್ಲಿ ಕೀಟಲೆ ಇರಲಿಲ್ಲ, ಬರೀ ದಿಗಿಲು.

ಪ್ರಾಂಪ್ಟರ್ ಪುಸ್ತಕ ಬಿಚ್ಚಲಿಲ್ಲ. ಯಾಕೆ ಬಿಚ್ಚಬೇಕು? ಮುಂದಕ್ಕೆ ಬಾಗಿ ಪಿಸುಗುಟ್ಟಿದ: "ಬಾಗಿಲು ಹಾಕ್ರಪ್ಪ."

ತುಟಿ ದಾಟಿದ ಮೇಲೆಯೇ ಅವನ ಕಿವಿಗೆ ಅದು ಬಿದ್ದದ್ದು. ದಿನವೂ ಈಗ ಬಂತು ಈಗ ಬಂತು ಎಂದು ಕಾದು ಕೂತು, ಬಂದಾಗ ಹೇಸಿ, ಮರುದಿನ ಮತ್ತೆ ಕಾದು, ಆ ಹೊಲಸು ಅವನಿಗೂ ಬಾಯಿಪಾಠವಾಗಿಬಿಟ್ಟಿತ್ತು. ತಿದ್ದೋಣವೆಂದರೆ ನಿಜವಾದ ಮಾತು ನಾಲಗೆಗೆ ಬರಲೊಲ್ಲದು. ಪುಸ್ತಕ ತಡಕಿದ, ಪುಟ ಸಿಗಲಿಲ್ಲ. ತಲೆ ಖಾಲಿಯಾದ ನಟನಿಗೆ ಕಿವಿಯೇ ಗತಿ. ಭಾವ ಕೊಟ್ಟ ಪದವನ್ನು ಬಾಮೈದ ಎಂದೂ ಅನುಮಾನಿಸಿದವನಲ್ಲ. ಸಾಯುವವನ ದನಿಯಲ್ಲಿ, ತಮಾಷೆಯ ಸುಳಿವೂ ಇಲ್ಲದೆ, ಅವನು ಅದನ್ನೇ ಹೇಳಿದ.

ಹಸಿದು ಕೂತಿದ್ದ ಸಭೆ ಹೋ ಎಂದಿತು. ಹುಡುಗಿ ಇನ್ನೇನು ಮಾಡಿಯಾಳು? "ತೆರೆದಿದೆ ಅಪ್ಪಾ, ಇನ್ನೂ ತೆರೆದಿದೆ" ಎಂದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಣ್ಣದ ಕೋಣೆಯಲ್ಲಿ ಪ್ರಾಂಪ್ಟರನ ಹೆಂಡತಿ, ನಾಟಕದ ಬಟ್ಟೆ ಹೊಲಿಯುವವಳು, ತಮ್ಮನ ಮೇಲೆ ಹರಿಹಾಯ್ದಳು. "ಹುಡುಗಿ ಬಾಳಿಗೆ ಕಲ್ಲು ಹಾಕಿದ್ಯಲ್ಲೋ ಪಾಪಿ. ಆಣೆ ಬೇರೆ ಇಟ್ಟೆ. ನಿನ್ ಮುಖ ನೋಡೋಕೂ ಅಸಹ್ಯ." ಬಾಮೈದ ಒಮ್ಮೆ ಭಾವನ ಕಡೆ ನೋಡಿ ತಲೆ ತಗ್ಗಿಸಿದ. ಬಾಯಿ ಬಿಟ್ಟು ಹೇಳಬೇಕಾಗಿದ್ದ ಮನುಷ್ಯ ಮೂಲೆಯಲ್ಲಿ ಬಾಯಿ ಮುಕ್ಕಳಿಸುತ್ತ ನಿಂತಿದ್ದ. ಎಷ್ಟು ಉಗಿದರೂ ನಾಲಗೆಯ ಮೇಲಿನ ಕಹಿ ಹೋಗಲಿಲ್ಲ. ತನ್ನ ಬಾಯಿಯೇ ತನಗೆ ಚರಂಡಿಯಂತೆ ಕಂಡಿತು.

ಅಷ್ಟರಲ್ಲಿ ಮೇಡಂ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ಎಲ್ರೂ ನಗ್ತಿದ್ರೂ ನೀನು ಒಂಚೂರೂ ನಗ್ಲಿಲ್ವಲ್ಲಮ್ಮ. ಕಷ್ಟ ಅದು. ನಮ್ಮ ಪ್ರಹಸನದಲ್ಲಿ ಒಬ್ಳು ಕೆಲಸದವಳಿದಾಳೆ, ಪ್ರತಿ ಸೀನಲ್ಲೂ ಒದೆ ತಿಂದು ಅಳ್ತಾಳೆ, ಜನ ನಗ್ತಾರೆ. ನಿಂಗೇ ಮಾಡಿಟ್ಟ ಹಾಗಿದೆ. ಬರ್ತೀಯಾ?"

ಹುಡುಗಿ ಕೆನ್ನೆಯ ಮೇಲಿನ ನೀರು ಒರೆಸಿಕೊಂಡಳು. "ಬರ್ತೀನಿ ಮೇಡಂ."

ಮೇಡಂ ಹೋದ ಮೇಲೆ ಹೆಂಡತಿ ಮತ್ತೆ ತಮ್ಮನ ಕಡೆ ತಿರುಗಿದಳು.

"ಅಮ್ಮ, ಮಾವನ್ನ ಬೈಬೇಡ" ಎಂದಳು ಮಗಳು. "ನಾನು ಬಾಗಿಲ ಹತ್ರಾನೇ ನಿಂತಿದ್ನಲ್ಲ, ನಂಗೆ ಕೇಳಿಸ್ತು. ಮಾವ ಇವತ್ತು ಕೊಟ್ಟ ಮಾತು ಉಳಿಸ್ಕೊಂಡ್ರು."

ಅವಳು ಕನ್ನಡಿಯತ್ತ ತಿರುಗಿ ಬಣ್ಣ ಒರೆಸಿಕೊಳ್ಳತೊಡಗಿದಳು. ಅಪ್ಪನ ಕಡೆ ನೋಡಲಿಲ್ಲ.